ತಗಡಿನ ಮೇಲಿನ ಹೂವು

“ಹಿತ್ತಲಿಗೆ ನಾಲ್ಕು ತಗಡು ಹಾಸೋಕೆ ಹೊರಗಿನವನು ಯಾಕೆ? ನಾನೇನು ಸತ್ತುಹೋಗಿದ್ದೀನಾ?”

ಹೀಗೆ ಗುಡುಗಿದ ಚುಕ್ಕೆ ಮೇಷ್ಟ್ರು ಪಾಠ ಹೇಳುವ ಮೇಷ್ಟ್ರಲ್ಲ. ಕಾರಿನ ಕಾರ್ಖಾನೆಯಲ್ಲಿ, ಬಣ್ಣಕ್ಕೆ ಹೋಗುವ ಬಾಗಿಲುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಸಾಸಿವೆಯಷ್ಟು ಚುಕ್ಕೆಯಿದ್ದರೂ ವಾಪಸ್ ಕಳಿಸುವವರು. ಇಪ್ಪತ್ತೆರಡು ವರ್ಷದಿಂದ ಅದೇ ಕಣ್ಣು, ಅದೇ ಗತ್ತು!

ಹೆಂಡತಿ ಹೊಲಿಗೆಯವಳು. ಆಸ್ಪತ್ರೆಗೆಂದು ಇಪ್ಪತ್ತು ಬಿಳಿ ಕೋಟು ಹೊಲಿದಿದ್ದಳು. ಅವಳಿಗೆ ಸಿಕ್ಕಿದ ಮೊದಲ ದೊಡ್ಡ ಕೆಲಸ. ಒಗೆದು, ಒಣಗಿಸಿ, ಇಸ್ತ್ರಿ ಹಾಕಿ ಶನಿವಾರ ಒಪ್ಪಿಸಬೇಕು. ಮಳೆಗಾಲ ಬೇರೆ. ಬಟ್ಟೆ ನೆನೆಯದೆ ಒಣಗಲಿ ಅಂತಲೇ ಹಿತ್ತಲಿಗೆ ಈ ತಗಡಿನ ಮಾಡು.

ತಗಡು ಬಂತು. ನೋಡಿದ್ದೇ ತಡ, ಮೇಷ್ಟ್ರ ಮುಖ ಹುಳ್ಳಗಾಯಿತು.

“ಥೂ! ಮೈತುಂಬಾ ಬೂದು ಮಚ್ಚೆ, ಹೂವು ಹೂವು! ನಮ್ಮ ಕಾರ್ಖಾನೆ ತಗಡು ಕೂಸಿನ ಕೆನ್ನೆ ಹಾಗಿರುತ್ತೆ. ಇದಕ್ಕೇನು ಸಿಡುಬು ಎದ್ದಿದೆಯಾ?”

“ತುಕ್ಕು ಹಿಡೀಬಾರದು ಅಂತ ಸತು ಬಳಿದಿರ್ತಾರಂತೆ ಕಣ್ರೀ. ಇದ್ದ ಹಾಗೇ ಹಾಸಿ ಅಂದ್ರು ಅಂಗಡಿಯವರು.”

“ನನಗೇ ಸತುವಿನ ಕಥೆ ಹೇಳ್ತೀಯಾ? ಕಾರಿನ ಬಾಗಿಲಿಗೂ ಸತು ಇರುತ್ತೆ ಕಣೇ. ಹೂವಿರಲ್ಲ!”

ಭಾನುವಾರ ಬೆಳಗಿನಿಂದ ಉಜ್ಜುವ ಯಂತ್ರ ಕೇರಿಯನ್ನೇ ನಡುಗಿಸಿತು. ಮೇಲೊಂದು ಸಲ, ಕೆಳಗೊಂದು ಸಲ. ಉಜ್ಜಿದ ತಗಡನ್ನು ಮೇಷ್ಟ್ರೇ ಮೊಳೆ ಹೊಡೆದು ಹಾಸಿ, ಸಂಜೆಗೆ ಹಿತ್ತಲಿನ ಮಾಡು ಅರಮನೆಯ ಕನ್ನಡಿಯಾಯಿತು! ಪಕ್ಕದ ಮನೆಯಜ್ಜಿ ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಂಡರು.

ಸೋಮವಾರ ಹಿಡಿದ ಮಳೆ ಗುರುವಾರ ರಾತ್ರಿಯವರೆಗೂ ಬಿಡಲಿಲ್ಲ. ಶುಕ್ರವಾರ ಬೆಳಿಗ್ಗೆ ಹಿತ್ತಲಿನಿಂದ ಕೂಗು ಬಂತು.

“ರೀ! ಬನ್ನಿ ಇಲ್ಲಿ!”

ಹೋಗಿ ನೋಡಿದರೆ ಕನ್ನಡಿ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ಮೊಳೆ ಹೊಡೆದ ತೂತುಗಳಿಂದ ಕೆಂಪು ನೀರು ತೊಟ್ಟಿಕ್ಕುತ್ತಿದೆ. ಕೆಳಗೆ ಹಗ್ಗದ ಮೇಲೆ ಇಪ್ಪತ್ತು ಬಿಳಿ ಕೋಟು!

“ನಾಳೆ ಏನಂತ ಮುಖ ತೋರಿಸ್ಲಿ? ಡಾಕ್ಟ್ರು ಈ ಕೋಟು ಹಾಕ್ಕೊಂಡು ಬಂದ್ರೆ ರೋಗಿ ಎದ್ದು ಓಡಿಹೋಗ್ತಾನೆ!”

ಮೇಷ್ಟ್ರು ತಲೆ ಕೆರೆದುಕೊಂಡರು. “ಹೂವು ಉಜ್ಜುವಾಗ ಸತುವೂ ಸ್ವಲ್ಪ ಹೋಯ್ತೇನೋ…”

“ಹೂವೇ ಸತು ಕಣ್ರೀ!”

ಅಂದು ಕಾರ್ಖಾನೆಗೆ ರಜೆ ಹಾಕಿದ್ದಾಯಿತು. ಒಂದು ಬುಟ್ಟಿ ನಿಂಬೆಹಣ್ಣು, ಎರಡು ಸೇರು ಉಪ್ಪು ಮುಂದಿಟ್ಟುಕೊಂಡು ಮೇಷ್ಟ್ರು ಕಲೆ ತಿಕ್ಕಲು ಕುಳಿತರು. ಬೆರಳು ಸುಕ್ಕಾಯಿತು, ಸೊಂಟ ಬಿಲ್ಲಾಯಿತು. ಅಂತೂ ಶನಿವಾರ ಕೋಟುಗಳು ಹಾಲಿನಂತಾಗಿ ಆಸ್ಪತ್ರೆ ಸೇರಿದವು. ಹೆಂಡತಿಯ ಮಾನ ಉಳಿಯಿತು.

ಮರುದಿನ ಹೊಸ ತಗಡು ಹೊತ್ತು ಮಾಡು ಹಾಸುವವನೇ ಬಂದ. ಮೇಲೆ ಹತ್ತಿ, ಹಳೆಯ ತಗಡಿನ ಮೇಲೆ ಬೆರಳಾಡಿಸಿ ಬೆಚ್ಚಿಬಿದ್ದ.

“ಅಕ್ಕಾ, ಇದನ್ನ ಹಿಂಗೆ ಉಜ್ಜಿದ ಪುಣ್ಯಾತ್ಮ ಯಾರು?”

“ನಮ್ಮ ಯಜಮಾನ್ರು. ಕಾರಿನ ಕಾರ್ಖಾನೇಲಿದ್ದಾರೆ.”

ಅವನು ಗಾಬರಿಯಿಂದ ಅರ್ಧ ಏಣಿ ಇಳಿದ. “ಅಯ್ಯಯ್ಯೋ! ಸಾಲ ಸೋಲ ಮಾಡಿ ನಾನೂ ಒಂದು ಕಾರು ತಗೊಂಡಿದ್ದೀನಲ್ಲಕ್ಕಾ!”

“ಹೆದರ್ಕೋಬೇಡಪ್ಪ,” ಎಂದಳು ಹೆಂಡತಿ. “ಅಲ್ಲಿ ಇವರಿಗೆ ನೋಡೋಕೆ ಮಾತ್ರ ಸಂಬಳ. ಮುಟ್ಟೋಕೆ ಬಿಟ್ಟಿಲ್ಲ!”