ಮಾವ ಖಾಲಿ ಮಾಡಿಸಿದ ಯಲಹಂಕ

ಯಲಹಂಕವನ್ನು ಖಾಲಿ ಮಾಡಿಸುವುದು ಯಾರಿಂದಲಾದರೂ ಸಾಧ್ಯವೇ? ನಮ್ಮ ಸೋದರಮಾವನಿಂದ ಸಾಧ್ಯ! ಇಡೀ ಊರನ್ನು ಒಂದೇ ಸಲಕ್ಕಲ್ಲ, ಒಂದೊಂದೇ ಮೂಲೆಯನ್ನು. ತರಕಾರಿ ಸಾಲಿರಲಿ, ನಿಂತ ಬಸ್ಸಿರಲಿ, ಊಟದ ಪಂಕ್ತಿಯಿರಲಿ, ಮಾವ ಮೊಬೈಲ್ ಎತ್ತಿದರೆಂದರೆ ಅಲ್ಲಿದ್ದವರು ಏಳಲೇಬೇಕು. ಎಲ್ಲರೂ ಫೋಟೋದೊಳಗೆ ಬನ್ನಿ ಎಂದು ಕರೆಯುವುದು ಲೋಕರೂಢಿ. ನಮ್ಮ ಮಾವ ಎಲ್ಲರೂ ಆಚೆ ಹೋಗಿ ಅನ್ನುತ್ತಾರೆ.

ಅಯ್ಯೋ ಪಾಪ, ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ. ಕಾರಣವಿದೆ. ನಮ್ಮತ್ತೆ, ಅಂದರೆ ಅವರ ಹೆಂಡತಿ, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ಮೂಳೆ ಕೂಡಿತು, ಧೈರ್ಯ ಮಾತ್ರ ಕೂಡಲಿಲ್ಲ. ಬಚ್ಚಲಿಗೆ ಹೋಗಿ ಬರುವುದೇ ದೊಡ್ಡ ಯಾತ್ರೆ. ಹೊಸಿಲು ದಾಟು ಅಂದರೆ ಮುಖ ಬಿಳಿಚಿಕೊಳ್ಳುತ್ತಿತ್ತು. "ಹೀಗೇ ಮಲಗಿದ್ರೆ ಆಮೇಲೆ ನಡಿಯೋಕೇ ಆಗಲ್ಲಮ್ಮ" ಎಂದು ಡಾಕ್ಟರು ಖಡಾಖಂಡಿತ ಹೇಳಿದರು. ಅತ್ತೆ ವಿನಯದಿಂದ ತಲೆಯಾಡಿಸಿ ಮಗ್ಗುಲು ಬದಲಾಯಿಸಿದರು. ಮಾವ ಬೇಡಿಕೊಂಡರು, ಮುನಿಸಿಕೊಂಡರು, ಜಾಲಹಳ್ಳಿಯ ಕಾರ್ಖಾನೆಯಲ್ಲಿ ಫೋರ್ಮನ್ ಆಗಿದ್ದಾಗಿನ ದನಿಯನ್ನೂ ಹೊರತೆಗೆದರು. ಅತ್ತೆ ಜಪ್ಪಯ್ಯ ಅನ್ನಲಿಲ್ಲ.

ಅತ್ತೆಗಿದ್ದ ಒಂದೇ ಚಟವೆಂದರೆ ಮೊಬೈಲಿನ ಕಥೆಗಳು. ಪರದೆಯ ಮೇಲೊಂದು ದೃಶ್ಯ, ಅದರ ಮುಂದೆ ಪಾತ್ರ, ಕೆಳಗೆ ಮಾತು. ನಡುನಡುವೆ ಎರಡು ಗುಂಡಿ: ಅವನನ್ನು ಕ್ಷಮಿಸಲೇ? ಕಪಾಳಕ್ಕೆ ಬಾರಿಸಲೇ? ನಾವು ಒತ್ತಿದ ಕಡೆ ಕಥೆ ತಿರುಗುತ್ತದೆ. (ಅತ್ತೆ ಯಾರನ್ನೂ ಕ್ಷಮಿಸಿದವರಲ್ಲ!) ಇಂಥ ಕಥೆಗಳನ್ನು ನಾವೇ ಕಟ್ಟುವ ಆಪ್ ಇದೆ ಎಂದು ಒಂದು ಭಾನುವಾರ ನಾನೇ ಬಾಯಿಬಿಟ್ಟೆ. ಮಾವನ ಕಣ್ಣು ಅರಳಿತು. "ಕಾಲಲ್ಲಿ ನಡೀದೇ ಇದ್ರೆ ಬೇಡ, ಹೆಬ್ಬೆರಳಲ್ಲಿ ನಡೆಸ್ತೀನಿ. ಊರು ನೋಡಿದ್ರೆ ಆಸೆ ಹುಟ್ಟುತ್ತೆ" ಎಂದು ಶುರು ಹಚ್ಚಿಕೊಂಡರು.

ಮೊದಲ ಕಥೆಗೆ ಆಪ್‌ನಲ್ಲಿ ಸಿದ್ಧವಿದ್ದ ಹಿನ್ನೆಲೆಗಳನ್ನೇ ಹಾಕಿದರು. ನಾಯಕಿ ಯಲಹಂಕದ ಪಕ್ಕದ ಅಲ್ಲಾಳಸಂದ್ರದ ಅಡುಗೆಮನೆಯಲ್ಲಿ ಹುಳಿಗೆ ಒಗ್ಗರಣೆ ಹಾಕುತ್ತಿದ್ದಾಳೆ. ಕಿಟಕಿಯಾಚೆ ದಬದಬನೆ ಹಿಮ ಸುರಿಯುತ್ತಿದೆ!

"ಇದ್ಯಾವ ಅಲ್ಲಾಳಸಂದ್ರ ರೀ? ಸ್ವೆಟರ್ ಹಾಕ್ಕೊಂಡ್ ಓದ್ಬೇಕಾ?" ಎಂದರು ಅತ್ತೆ.

ಅಂದಿನಿಂದ ಅಸಲಿ ಹಿನ್ನೆಲೆಗಳ ಬೇಟೆ ಆರಂಭವಾಯಿತು. ಅದಕ್ಕೆ ನಿಯಮಗಳುಂಟು. ಹಿನ್ನೆಲೆಯಲ್ಲಿ ನರಪಿಳ್ಳೆಯೂ ಇರಕೂಡದು, ಇದ್ದರೆ ಪಾತ್ರವನ್ನು ಎಲ್ಲಿ ನಿಲ್ಲಿಸುವುದು? ಕೆಳಗಿನ ಭಾಗ ಮಾತಿನ ಚೌಕಕ್ಕೆ ಮೀಸಲು, ಮುಖ್ಯವಾದದ್ದೆಲ್ಲ ಮೇಲೆ ಬರಬೇಕು. ಅದಕ್ಕಾಗಿ ಮಾವ ಎಲ್ಲಿ ಹೋದರೂ ಪ್ಲಾಸ್ಟಿಕ್ ಸ್ಟೂಲ್ ಹತ್ತಿ ಮೊಬೈಲನ್ನು ಕೆಳಕ್ಕೆ ಬಗ್ಗಿಸುತ್ತಿದ್ದರು. ಸ್ಕೂಟರಿನ ಹಿಂದೆ ಆ ಸ್ಟೂಲನ್ನು ತಬ್ಬಿಕೊಂಡು ಕೂರುವ ಭಾಗ್ಯ ಸೋದರಸೊಸೆಯಾದ ನನ್ನದು.

ಯಲಹಂಕದ ತರಕಾರಿ ಸಾಲಿನಲ್ಲಿ ಮಾವ ಸ್ಟೂಲ್ ಹತ್ತಿ, "ಅಜ್ಜಿ, ನೀವ್ ಸ್ವಲ್ಪ ಎದ್ದು ಆ ಕಡೆ ಹೋಗಿ. ಬದನೆಕಾಯಿ ಇಲ್ಲೇ ಇರ್ಲಿ" ಎಂದರು. ಅಂಗಡಿ ಎತ್ತಿಸಲು ಬಂದ ಸಾಹೇಬರೆಂದುಕೊಂಡು ಅಜ್ಜಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ಇಂಗೆ ಏಳು ಅಂದ್ರೆ ಎಲ್ಲಿಗ್ ಓಗ್ಲಿ ಸ್ವಾಮಿ? ನಾನೂ ಏಳಾಕಿಲ್ಲ, ಬದ್ನೇಕಾಯೂ ಏಳಾಕಿಲ್ಲ!"

ನಾನು ವಿಷಯ ಬಿಡಿಸಿ ಹೇಳಿದೆ. ಅಜ್ಜಿ ಎದ್ದಿದ್ದಲ್ಲದೆ ಪಕ್ಕದ ಸೊಪ್ಪಿನವನನ್ನೂ ಎಬ್ಬಿಸಿದಳು. "ಅವಯ್ಯನ ಎಂಡ್ರು ಮಲ್ಗವ್ಳಂತೆ, ಸಂತೆ ನೋಡ್ಬೇಕಂತೆ. ಏಳ್ಲಾ ಮೇಲೆ!"

ಶೆಟ್ಟಿಹಳ್ಳಿಯಲ್ಲಿ ನಮ್ಮ ನೆಂಟರ ಮನೆಯ ನಾಮಕರಣದ ದಿನ ಇಷ್ಟು ಸುಸೂತ್ರವಾಗಲಿಲ್ಲ. ಪಾಯಸ ಬಡಿಸಿಯಾಗಿತ್ತು, ಜನ ಇನ್ನೇನು ಕೈ ಹಾಕಬೇಕು. "ಎಲ್ರೂ ಒಂದ್ಸಲ ಎದ್ದೇಳಿ! ಎಲೆ ಹಾಗೇ ಇರ್ಲಿ!" ಎಂದು ಸ್ಟೂಲಿನ ಮೇಲಿಂದ ಅಶರೀರವಾಣಿ! ಧಾರವಾಡ ಕಡೆಯ ಬೀಗರು ಕೈಯೆತ್ತಿಕೊಂಡೇ, "ಏನ್ರೀ ಇದು, ಉಣ್ಣಾಕ ಕರದು ಎಬ್ಬಸ್ತೀರಲ್ರೀ!" ಎಂದರು. ಫೋಟೋ ಮಾತ್ರ ಅದ್ಭುತವಾಗಿ ಬಂತು. ಅಂದಿನಿಂದ ಆ ಮನೆಯವರು ಕರೆಯುವುದು ನನ್ನನ್ನೊಬ್ಬಳನ್ನೇ, ಅದೂ ಪಿಸುದನಿಯಲ್ಲಿ.

ಅಂತೂ ಕಥೆ ಸಿದ್ಧವಾಯಿತು. ಸಂತೆ, ಬಸ್ಸು, ಕೆರೆದಂಡೆ, ಊಟದ ಪಂಕ್ತಿ, ಏನುಂಟು ಏನಿಲ್ಲ! ಅತ್ತೆ ಕನ್ನಡಕ ಏರಿಸಿದರು. ಮೊದಲ ದೃಶ್ಯ ಮಲಗುವ ಕೋಣೆ. ಎರಡು ಗುಂಡಿ: ಎದ್ದು ಹೊರಗೆ ಹೋಗಲೇ? ಮಲಗಿರಲೇ?

ಅತ್ತೆ ಎರಡನೆಯದನ್ನು ಒತ್ತಿದರು. ಕಥೆ ಮುಗಿಯಿತು.

"ಚೆನ್ನಾಗಿತ್ತು ರೀ. ಕಾಫಿ ಮಾಡ್ತೀರಾ?"

ನಾನು ಬಿದ್ದು ಬಿದ್ದು ನಕ್ಕೆ. ಮಾವನೂ ನಕ್ಕರು. ಆದರೆ ನಾನು ಅಡುಗೆಮನೆಗೆ ಹೋದಾಗ ಅವರು ಒಲೆ ಹಚ್ಚದೆ, ಹಾಲಿನ ಪಾತ್ರೆ ಹಿಡಿದು ಸುಮ್ಮನೆ ಗೋಡೆಗೆ ಮುಖ ಮಾಡಿ ನಿಂತಿದ್ದರು. ನನಗೆ ಬಹಳ ಸಂಕಟವಾಯಿತು.

ಮುಂದಿನ ವಾರ ಹೊಸ ಕಥೆ ಬಂತು. ಅದರಲ್ಲಿ ಒಂದೇ ದೃಶ್ಯ: ಅವರದೇ ಮನೆಯ ಮುಂದಿನ ಜಗಲಿ, ಆಚೆಗೆ ಗೇಟು. ಪಾತ್ರವಿಲ್ಲ, ಮಾತಿಲ್ಲ, ಗುಂಡಿಯೂ ಇಲ್ಲ. ಅತ್ತೆ ಒತ್ತಿದರು, ಮತ್ತೆ ಒತ್ತಿದರು.

"ಇದು ಕೆಟ್ಟೋಗಿದೆ ರೀ. ಯಾರೂ ಬರ್ತಾನೇ ಇಲ್ಲ."

"ಕೆಟ್ಟಿಲ್ಲ ಕಣೆ. ಬರ್ಬೇಕಾದವಳು ಇನ್ನೂ ಬಂದಿಲ್ಲ." ಮಾವ ಚಿತ್ರದ ಜಗಲಿಯನ್ನು ಬೆರಳಲ್ಲಿ ತೋರಿಸಿದರು. "ದಿನಾ ಸಾಯಂಕಾಲ ಅಲ್ಲಿ ಒಬ್ಬನೇ ಕೂತ್ಕೋತೀನಿ. ಇನ್ಮೇಲೆ ಹೀಗೇನಾ ಅಂತ ನಂಗೂ ಭಯ ಆಗುತ್ತೆ."

ಅತ್ತೆ ಆ ಚಿತ್ರವನ್ನು ತುಂಬ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದು, "ಬಿದ್ರೆ?" ಎಂದರು.

"ಇಬ್ರೂ ಬೀಳೋಣ."

ಅತ್ತೆ ಕಾಲು ಕೆಳಗಿಟ್ಟರು. ಒಂದು ಕೈ ಗೋಡೆಗೆ, ಒಂದು ಕೈ ಮಾವನಿಗೆ. ಹೊಸಿಲ ಬಳಿ ನಿಂತರು, ಕಣ್ಣು ಮುಚ್ಚಿದರು, ದಾಟಿದರು! ಜಗಲಿಯಲ್ಲಿ ಸಂಜೆಯ ಬಿಸಿಲು ಬಿದ್ದಿತ್ತು. ಅತ್ತೆ ಏದುಸಿರು ಬಿಡುತ್ತಾ, ಬೀದಿಯನ್ನು ಹೊಸದಾಗಿ ಬಂದವರಂತೆ ನೋಡುತ್ತಾ ನಿಂತರು. ನನಗೆ ಅಳು ಒತ್ತರಿಸಿ ಬಂತು.

"ಮಾವ, ಬೇಗ ಒಂದು ಫೋಟೋ ತೆಗೀರಿ!" ಎಂದು ಕೂಗಿದೆ.

ಮಾವ ತಿರುಗಿಯೂ ನೋಡಲಿಲ್ಲ. "ಸುಮ್ನಿರೇ," ಎಂದರು. "ಇವಳ ಕೈ ಬಿಟ್ಟು ತೆಗಿಯೋಕಾಗುತ್ತಾ?"