ಖಾಲಿ ಬಂದ ತಟ್ಟೆ

ಕ್ರಿಸ್ಮಸ್ ಮುಗಿದ ಮರುದಿನ ಹೆಚ್ಚಿನವರಿಗೆ ಹೊಟ್ಟೆಯ ಚಿಂತೆಯಾದರೆ ನನಗೆ ಹಿತ್ತಿಲಿನ ಕಸದ ಗುಂಡಿಯ ಚಿಂತೆ. ಚಿಂತೆ ಮಾಡುವುದರಲ್ಲಿ ನನಗೆ ಮೊದಲಿನಿಂದಲೂ ಒಳ್ಳೆಯ ಅಭ್ಯಾಸವಿದೆ. ಬಸ್ಸು ಬಾರದಿದ್ದರೆ ಬರಲಿಲ್ಲವೆಂದು, ಬಂದರೆ ಅದರ ಬ್ರೇಕು ಸರಿಯಿದೆಯೋ ಇಲ್ಲವೋ ಎಂದು ಚಿಂತಿಸುತ್ತ ನರಿಕೊಂಬಿನಿಂದ ಬೆಳ್ತಂಗಡಿಯ ಕಚೇರಿಗೆ ಹೋಗಿಬರುತ್ತಿದ್ದ ಗುಮಾಸ್ತ ನಾನು. ಆದರೆ ಕಸದ ಚಿಂತೆ ನನ್ನ ಉಳಿದ ಚಿಂತೆಗಳ ಹಾಗೆ ಸುಮ್ಮನೆ ಹುಟ್ಟಿದ್ದಲ್ಲ. ಅದನ್ನು ಹೊಳೆಯೇ ಮನೆಬಾಗಿಲಿಗೆ ತಂದುಕೊಟ್ಟದ್ದು.

ನಮ್ಮ ಮನೆ ನೇತ್ರಾವತಿಗೆ ಹತ್ತಿರ. ಆಗ, ಎಂದರೆ ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ, ಕಸ ಒಯ್ಯುವ ಗಾಡಿ ಯಾವುದೂ ನಮ್ಮ ಕಡೆ ಬರುತ್ತಿರಲಿಲ್ಲ. ಎಲ್ಲವನ್ನೂ ಗುಂಡಿಗೆ ಹಾಕುವುದು, ಗುಂಡಿ ತುಂಬಿದರೆ ಬೆಂಕಿ ಕೊಡುವುದು, ಬೆಂಕಿಗೂ ಬೇಡವಾದದ್ದನ್ನು ಮಳೆ ನೋಡಿಕೊಳ್ಳುತ್ತದೆಂದು ಬಿಡುವುದು. ಒಂದು ಮಳೆಗಾಲದಲ್ಲಿ ಹೊಳೆ ಹಿತ್ತಿಲಿಗೆ ಬಂದು, ನೆಂಟರ ಹಾಗೆ ಎರಡು ದಿನ ಇದ್ದು ಹೋಯಿತು. ನೀರಿಳಿದ ಮೇಲೆ ನೋಡಿದರೆ ಬೇಲಿಯ ತುಂಬ ಬಣ್ಣಬಣ್ಣದ ಪ್ಲಾಸ್ಟಿಕ್ಕು. ನಡುವೆ, ಹಿಂದಿನ ಡಿಸೆಂಬರಿನಲ್ಲಿ ನಾನೇ ಬಂಟ್ವಾಳ ಪೇಟೆಯಿಂದ ತಂದು, ಹಬ್ಬ ಮುಗಿದ ಮೇಲೆ ಗುಂಡಿಗೆಸೆದಿದ್ದ ಕೆಂಪು ನಕ್ಷತ್ರದ ಮೂರು ಮೂಲೆಗಳು. ಉಳಿದೆರಡು ಮೂಲೆಗಳು ಕೆಳಗಿನ ಊರಿನ ಯಾರ ಬೇಲಿಯಲ್ಲಿ ಸಿಕ್ಕಿದವೋ, ಅವರು ನನ್ನನ್ನು ಹುಡುಕಿಕೊಂಡು ಬಂದಾರೋ ಎಂದು ಕೆಲವು ದಿನ ಗೇಟಿನ ಸದ್ದಿಗೂ ಬೆಚ್ಚುತ್ತಿದ್ದೆ.

ಹಾಗಾಗಿ ಆ ವರ್ಷದ ಕ್ರಿಸ್ಮಸ್ಸಿಗೆ ಕಸ ಕಡಿಮೆ ಮಾಡುವುದೆಂದು ತೀರ್ಮಾನಿಸಿದೆ. ಬಿದಿರಿನ ಕಡ್ಡಿಗೆ ಕಾಗದ ಅಂಟಿಸಿ ನಕ್ಷತ್ರವನ್ನು ನಾನೇ ಮಾಡಿದೆ. ಅದು ಹೆಚ್ಚುಕಡಿಮೆ ಏಡಿಯ ಹಾಗೆ ಕಾಣುತ್ತಿತ್ತು. ಗೋದಲಿಗೆ ಥರ್ಮೋಕೋಲಿನ ಬದಲು ಬೈಹುಲ್ಲು ಬಂತು. ಇಷ್ಟರವರೆಗೆ ನನ್ನ ಹೆಂಡತಿ ಲಿಲ್ಲಿ ಏನೂ ಹೇಳಲಿಲ್ಲ. ತಕರಾರು ಶುರುವಾದದ್ದು ಕುಸ್ವಾರಿನಲ್ಲಿ. ಕುಸ್ವಾರ್ ಎಂದರೆ ನಮ್ಮ ಕ್ರೈಸ್ತರ ಮನೆಗಳಲ್ಲಿ ಹಬ್ಬಕ್ಕೆ ಮಾಡುವ ನೆವ್ರಿ, ಕಿಡಿಯೊ, ಉಂಡೆ, ಚಕ್ಕುಲಿಗಳ ಒಟ್ಟು ಸಂಸಾರ. ನೆರೆಕರೆಗೆ ಅದನ್ನು ಹಂಚದೆ ಹಬ್ಬ ಹಬ್ಬವಾಗುವುದಿಲ್ಲ. ನನ್ನ ಅಮ್ಮನ ಕಾಲದಲ್ಲಿ ಅದು ತಟ್ಟೆಯಲ್ಲಿ, ಕಸೂತಿ ಬಟ್ಟೆ ಹೊದ್ದುಕೊಂಡು ಹೋಗುತ್ತಿತ್ತು. ಲಿಲ್ಲಿಯ ಕಾಲಕ್ಕೆ ಪ್ಲಾಸ್ಟಿಕ್ ತೊಟ್ಟೆ, ಎಂದರೆ ಚೀಲ, ಬಂದಿತ್ತು. ತೊಟ್ಟೆಯ ಬಾಯಿಯನ್ನು ಮಡಚಿ, ಮೇಣದಬತ್ತಿಯ ಉರಿಗೆ ಹಿಡಿದು, ಒಂದಿಷ್ಟೂ ಕರಿಯಾಗದಂತೆ ಅಂಟಿಸುವುದರಲ್ಲಿ ಅವಳನ್ನು ಮೀರಿಸುವವರು ನಮ್ಮ ಇಗರ್ಜಿಯಲ್ಲೇ ಇರಲಿಲ್ಲ. ಆ ವಿದ್ಯೆಗೇ ನಾನು ಕೈಹಾಕಿದ್ದೆ.

"ಈ ಸಲ ತೊಟ್ಟೆ ಬೇಡ. ಅಮ್ಮನ ಹಾಗೆ ತಟ್ಟೆಯಲ್ಲೇ ಕೊಡುವ" ಎಂದೆ.

"ಕೊಡುವ. ತಟ್ಟೆ ವಾಪಸು ಬರುವುದು ಯಾವಾಗ?"

"ನಮ್ಮ ತಟ್ಟೆ ಇಟ್ಟುಕೊಂಡು ಅವರಿಗೆ ಏನಾಗಬೇಕು? ಸಂಜೆಗೆ ಬರ್ತದೆ."

ಅಮ್ಮನ ತಟ್ಟೆಯನ್ನು ನೆನಪಿಟ್ಟುಕೊಂಡಿದ್ದ ನಾನು ಆ ತಟ್ಟೆಯ ಮರ್ಯಾದೆಯನ್ನು ಮರೆತಿದ್ದೆ. ನಮ್ಮ ಕಡೆ ತುಂಬಿ ಬಂದ ತಟ್ಟೆಯನ್ನು ಯಾರೂ ಖಾಲಿ ಕಳುಹಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಅದರಲ್ಲಿ ಇರಬೇಕು. ಹಾಗಾಗಿ ತಟ್ಟೆಗಳು ಸಂಜೆಗೆ ಬರಲಿಲ್ಲ. ಹೊಸ ವರ್ಷಕ್ಕೂ ಬರಲಿಲ್ಲ. ಊಟಕ್ಕೆ ಬಂದ ಲಿಲ್ಲಿಯ ಅಣ್ಣನವರಿಗೆ ಬಾಳೆ ಎಲೆ ಹಾಕಿ, ಇದು ಕೂಡ ನನ್ನ ಯೋಜನೆಯ ಭಾಗವೆಂದು ಭಾಷಣ ಮಾಡಿ ಮಾನ ಉಳಿಸಿಕೊಂಡೆ. ಆಮೇಲೆ ಒಂದೊಂದೇ ಬಂದವು. ಒಂದರಲ್ಲಿ ಸಕ್ಕರೆ, ತೊಟ್ಟೆಯೊಳಗೆ. ಇನ್ನೊಂದರಲ್ಲಿ ಬಾಳೆಹಣ್ಣು, ಅದೂ ತೊಟ್ಟೆಯೊಳಗೆ. ತಟ್ಟೆಗೆ ಕಲೆಯಾಗಬಾರದಲ್ಲ ಎಂದು ಪಕ್ಕದ ಶೀನಣ್ಣ ಬಹಳ ಕಾಳಜಿಯಿಂದ ಹೇಳಿದರು. ಎಲ್ಲ ತೊಟ್ಟೆಗಳನ್ನು ಹಿಡಿದುಕೊಂಡು ನಾನು ಗುಂಡಿಯ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತೆ.

ಒಂದು ತಟ್ಟೆ ಮಾತ್ರ ಬರಲೇ ಇಲ್ಲ. ಅದು ಲಿಲ್ಲಿಗೆ ಮದುವೆಯಲ್ಲಿ ಅವಳ ತಾಯಿ ಕೊಟ್ಟದ್ದು. ಮೂಡುಬಿದಿರೆಯ ಪಾತ್ರೆ ಅಂಗಡಿಯಲ್ಲಿ ಚುಕ್ಕೆಚುಕ್ಕೆಯಾಗಿ ತನ್ನ ಹೆಸರು ಕೊರೆಸಿದ್ದು. ತಾಯಿ ಈಗ ಇಲ್ಲ. ಹಬ್ಬದ ಬೆಳಿಗ್ಗೆ ತಟ್ಟೆ ಸಾಲದೆ ಬಂದಾಗ ಅದನ್ನು ಕಪಾಟಿನ ಹಿಂದಿನಿಂದ ತೆಗೆದು, ಕುಸ್ವಾರ್ ತುಂಬಿಸಿ, ಎರಡು ಮನೆ ಆಚೆಯ ಐಸಮ್ಮನಿಗೆ ಕೊಟ್ಟುಬಂದವನು ನಾನೇ. ಐಸಮ್ಮ ಎಂದರೆ ದಿನಸಿ ಅಂಗಡಿಯ ಹಮೀದ್ ಸಾಹೇಬರ ಹೆಂಡತಿ, ಲಿಲ್ಲಿಗೆ ಅಕ್ಕನ ಹಾಗೆ. ಕ್ರೈಸ್ತರನ್ನು ಕರೆಯುವ ಊರಿನ ರೂಢಿಯಂತೆ ನಾನು ಅವರಿಗೆ ಪೊರ್ಬುಗಳು, ಲಿಲ್ಲಿ ಬಾಯಮ್ಮ. ಜನವರಿ ಹೋಯಿತು, ಫೆಬ್ರವರಿಯೂ ಅರ್ಧ ಕಳೆಯಿತು. ಲಿಲ್ಲಿ ಕೇಳಲಿಲ್ಲ. ತಟ್ಟೆ ಕೇಳುವುದೆಂದರೆ ಅದರಲ್ಲಿ ಏನು ಹಾಕಿ ಕೊಡುತ್ತೀರಿ ಎಂದು ಕೇಳಿದಂತೆ. ಆದರೆ ಕಪಾಟಿನ ಆ ಜಾಗಕ್ಕೆ ಬೇರೆ ಪಾತ್ರೆ ಇಡಲು ಬಿಡುತ್ತಿರಲಿಲ್ಲ. ನನಗಂತೂ ಆ ತಟ್ಟೆ ಗುಜರಿಗೆ ಹೋದಂತೆಯೂ, ಯಾರದೋ ಸಾಮಾನಿನ ಜೊತೆ ದುಬೈಗೆ ಹಾರಿದಂತೆಯೂ ಕಾಣತೊಡಗಿತು. ಒಂದು ಸಂಜೆ ಲಿಲ್ಲಿಗೆ ಹೇಳದೆ ಹೊರಟೆ.

ಐಸಮ್ಮ ಜಗಲಿಯಲ್ಲಿದ್ದರು. ಕ್ರಿಸ್ಮಸ್ಸಿನ ಮರುವಾರ ಬಾವಿಕಟ್ಟೆಯಲ್ಲಿ ಜಾರಿ ಅವರ ಬಲಗೈ ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದ್ದರೂ ಬೆರಳು ಇನ್ನೂ ಮಡಚುತ್ತಿರಲಿಲ್ಲ. ಇದು ನನಗೂ ಗೊತ್ತಿತ್ತು. ಆ ಕೈಗೂ ನಮ್ಮ ತಟ್ಟೆಗೂ ಸಂಬಂಧವಿರಬಹುದೆಂದು ಮಾತ್ರ ಹೊಳೆದಿರಲಿಲ್ಲ.

"ಇನ್ನು ಸ್ವಲ್ಪ ದಿನ ಪೊರ್ಬುಗಳೇ" ಎಂದರು, ನಾನು ಬಾಯಿ ತೆರೆಯುವ ಮೊದಲೇ. "ಬಾಯಮ್ಮನಿಗೆ ನನ್ನ ಪತ್ತಿರ್ ಅಂದ್ರೆ ಪ್ರಾಣ. ಕೈ ಬಂದ ಕೂಡ್ಲೇ ಅಕ್ಕಿ ಅರೆದು ನಾನೇ ರೊಟ್ಟಿ ತಟ್ಟಿ ಕಳಿಸ್ತೇನೆ. ಇವರು ಬೇಕರಿ ಬಿಸ್ಕೆಟ್ ಹಾಕಿ ಕೊಡುವ ಅಂತಾರೆ. ತಾಯಿಯ ಹೆಸರು ಉಂಟು ಅದರಲ್ಲಿ. ಬಿಸ್ಕೆಟ್ ಹಾಕಿ ಕೊಡ್ಲಿಕ್ಕೆ ಆಗ್ತದಾ?"

ಬುದ್ಧಿ ಇದ್ದವನಾದರೆ ಅಲ್ಲಿಗೇ ಎದ್ದು ಬರುತ್ತಿದ್ದ. ನಾನು ಸುಧಾರಕ.

"ಅದೆಲ್ಲ ಯಾಕೆ ಐಸಮ್ಮ, ಖಾಲಿಯೇ ಕೊಡಿ. ಈ ವರ್ಷ ಮನೆಗೆ ಬೇಡದ್ದು ಬರುವುದನ್ನೆಲ್ಲ ನಾನು ಕಡಿಮೆ ಮಾಡ್ತಾ ಇದ್ದೇನೆ."

ಅವರು ಎದ್ದರು. ಒಳಗೆ ಹೋಗಿ, ಎಡಗೈಯಲ್ಲಿ ತಟ್ಟೆಯನ್ನು ಎದೆಗೊತ್ತಿಕೊಂಡು ತಂದು ಕೊಟ್ಟರು. ಬೂದಿ ಹಾಕಿ ಉಜ್ಜಿದ್ದ ತಟ್ಟೆ ಕನ್ನಡಿಯ ಹಾಗಿತ್ತು. ಚಾ ಕುಡಿದು ಹೋಗಿ ಎಂದು ಹೇಳದೆ ಆ ಮನೆಯಿಂದ ನನ್ನನ್ನು ಕಳುಹಿಸಿದ್ದು ಅದೇ ಮೊದಲು.

ಲಿಲ್ಲಿ ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಹೆಸರಿನ ಮೇಲೆ ಬೆರಳಾಡಿಸಿದಳು. ಆಮೇಲೆ, "ಇದರಲ್ಲಿ ಏನಿತ್ತು?" ಎಂದಳು.

"ಏನಿಲ್ಲ. ನಾನೇ ಬೇಡ ಅಂದೆ."

"ಹೇಗೆ ಅಂದ್ರಿ?"

ಹೇಳಿದೆ. ಐಸಮ್ಮನ ಎದುರು ಸರಳವಾಗಿ ಬಂದ ಮಾತು ಲಿಲ್ಲಿಯ ಎದುರು ತುಂಡುತುಂಡಾಗಿ ಬಂತು. ಅವಳು ಜಗಳವಾಡಲಿಲ್ಲ. ಚಪ್ಪಲಿ ಮೆಟ್ಟಿ, ತಟ್ಟೆ ಹಿಡಿದುಕೊಂಡು ಹೊರಟೇಬಿಟ್ಟಳು. ಮೂರು ವರ್ಷದಿಂದ ತಾಯಿಯಿಲ್ಲದವಳು ತಾಯಿಯ ತಟ್ಟೆಯನ್ನು ಮನೆಯಲ್ಲಿ ಐದು ನಿಮಿಷವೂ ಇಟ್ಟುಕೊಳ್ಳಲಿಲ್ಲ. ನಾನು ಹಿಂದೆಯೇ ಹೋಗಿ ಅವರ ಬೇಲಿಯ ಹೊರಗೆ ನಿಂತೆ.

"ಐಸಮ್ಮ, ಇವರದ್ದು ಯಾವಾಗಲೂ ಗಡಿಬಿಡಿ. ಸಮಯ ಆಗುವ ಮೊದಲೇ ತಂದುಬಿಟ್ಟಿದ್ದಾರೆ. ಇದು ಇಲ್ಲೇ ಇರಲಿ. ನಿಮ್ಮ ಕೈ ಸರಿಯಾಗಲಿ."

ಒಳಗಿನಿಂದ ಇಬ್ಬರೂ ನಗುವುದು ಕೇಳಿಸಿತು. ಯಾರನ್ನು ಕುರಿತು ಎಂದು ಯೋಚಿಸಬೇಕಾಗಿರಲಿಲ್ಲ.

ತೊಟ್ಟೆಯಲ್ಲಿ ಕೊಟ್ಟರೆ ಹಬ್ಬದ ವ್ಯವಹಾರ ಅಂದೇ ಮುಗಿಯುತ್ತದೆ. ಯಾರೂ ಯಾರ ಬಾಗಿಲಿಗೂ ಮತ್ತೆ ಬರಬೇಕಾಗಿಲ್ಲ. ತಟ್ಟೆಯಾದರೆ ಯಾರಾದರೂ ಬರಲೇಬೇಕು. ಅದನ್ನು ತೊಂದರೆಯೆಂದು ನಾನು ಲೆಕ್ಕ ಹಾಕಿದ್ದೆ.

ಮೊದಲ ಮಳೆ ಬಿದ್ದ ಒಂದು ಸಂಜೆ ಐಸಮ್ಮ ಬಂದರು. ನಾನು ಒಳಕೋಣೆಯಲ್ಲಿದ್ದೆ, ಹೊರಗೆ ಹೋಗುವ ಧೈರ್ಯವಾಗದೆ ಅಲ್ಲೇ ಕುಳಿತೆ. ಬಲಗೈಯಲ್ಲೇ ತಟ್ಟಿದ್ದೆಂದು ಅವರು ಹೇಳುವುದು ಕೇಳಿಸಿತು. ಬಾಳೆ ಎಲೆ ಸರಿಸಿದ ಸದ್ದಾಯಿತು. ಬಿಸಿ ಪತ್ತಿರಿನ, ತೆಂಗಿನಕಾಯಿಯ ಪರಿಮಳ ಒಳಗಿನವರೆಗೂ ಬಂತು.

"ಪೊರ್ಬುಗಳಿಗೆ ತೋರಿಸಬೇಡಿ ಬಾಯಮ್ಮ" ಎಂದರು ಐಸಮ್ಮ, ನನಗೆ ಕೇಳಿಸುವಷ್ಟೇ ಮೆಲ್ಲಗೆ. "ಮನೆಗೆ ಬೇಡದ್ದು ಬಂತು ಅಂತ ಬೇಜಾರು ಮಾಡ್ಯಾರು."

"ತೋರಿಸುವುದಿಲ್ಲ. ನಾವೇ ತಿಂದು ಮುಗಿಸುವ" ಎಂದಳು ಲಿಲ್ಲಿ.

ಹೊಳೆ, ಬೇಲಿ, ಗುಂಡಿ, ತೊಟ್ಟೆ ಎಲ್ಲವೂ ನನ್ನ ತಲೆಯಿಂದ ಹೊರಟುಹೋದವು. ಕತ್ತಲೆಯಲ್ಲಿ ಕುಳಿತಿದ್ದ ನನಗೆ ಉಳಿದ ಚಿಂತೆ ಒಂದೇ: ಅವಳು ಹೇಳಿದ್ದು ತಮಾಷೆಗೋ, ನಿಜಕ್ಕೋ.