ಬೇಸ್ ಬಾಕ್ಸಿನ ರೂಪವೂ ಉಪ್ಪಿನಕಾಯಿಯ ನಡಿಗೆಯೂ

ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಆ ಮಾತು ಆಡಿದೆ. ಹೊತ್ತು ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಸಿರಾದ ಆ ರೇಡಿಯೋ ಅಂಗಡಿಯ ಗೋಡೆಯ ತುಂಬ ರಿಪೇರಿಗೆ ಬಂದ ಗಡಿಯಾರಗಳಿದ್ದವು, ಅವುಗಳಲ್ಲಿ ನಡೆಯುತ್ತಿದ್ದ ಒಂದೇ ಒಂದು ಗಡಿಯಾರ ನನ್ನ ಮೂಗಿನ ನೇರಕ್ಕಿತ್ತು. ಆಡಿದ ಮಾತು ಇಷ್ಟೇ: "ಇದೇ ಇರಲಿ ರೀ, ನೋಡೋಕೆ ಲಕ್ಷಣವಾಗಿದೆ." ರೂಪ ನೋಡಿ ಮೋಸಹೋಗುವ ಅವಕಾಶ ಮನುಷ್ಯನಿಗೆ ಮದುವೆಯಲ್ಲಿ ಒಂದೇ ಸಲ ಸಿಗುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲ, ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯಲ್ಲೂ ಸಿಗುತ್ತದೆ. ಈಗ ಸಬ್‌ವೂಫರ್ ಎಂದು ನಾಜೂಕಾಗಿ ಕರೆಯುವ ವಸ್ತುವನ್ನು ಆಗ ನಮ್ಮ ಕಡೆ ಬೇಸ್ ಬಾಕ್ಸ್ ಎನ್ನುತ್ತಿದ್ದೆವು. ಅದನ್ನು ಈಗ ಯಾವ ಅಂಗಡಿಯಲ್ಲಿ ಕಂಡರೂ ನಾನು ಮೊದಲು ತಲೆಯೆತ್ತಿ ಮೇಲೆ ಏನಿದೆ ಎಂದು ನೋಡುತ್ತೇನೆ.

ನಾವಿದ್ದದ್ದು ಮಧುಗಿರಿಯಲ್ಲಿ, ಬೆಟ್ಟದ ಮಗ್ಗುಲಿನ ಒಂದು ಬಾಡಿಗೆ ಮನೆಯಲ್ಲಿ. ನಾನು ಬಿ.ಎಸ್ಸಿ. ಓದಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ನಮ್ಮವರು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರು. ಆದರೆ ಕುರಿ ಸಾಕುವವರ ಬಾಯಲ್ಲಿ ಸೂಜಿ ಹಿಡಿದವರೆಲ್ಲ ಡಾಕ್ಟ್ರೇ ಆದ್ದರಿಂದ ಸಿರಾದಿಂದ ಪಾವಗಡದವರೆಗೆ ಅವರು ಡಾಕ್ಟ್ರೇ. ದಿನವಿಡೀ ಕುರಿಗಳ ಬ್ಯಾ ಕೇಳಿ ಕೇಳಿ ಅವರಿಗೆ ತೆಳ್ಳನೆಯ ದನಿ ಎಂದರೆ ಆಗದಂತಾಗಿತ್ತು. ಮನೆಯ ಟೇಪ್ ರೆಕಾರ್ಡರಿಗೆ ಕಿವಿಯಿಟ್ಟು, "ಇದ್ಯಾವ ಹಾಡೇ, ಸೊಳ್ಳೆ ಗುಂಯ್‌ಗುಟ್ಟಿದಂಗೈತೆ. ಹಾಡು ಅಂದ್ರೆ ಎದೆಗೆ ಗುದ್ದಬೇಕು" ಎನ್ನುತ್ತಿದ್ದರು. ಭಾನುವಾರ ಬಾಡಿಗೆಗೆ ಟಿವಿ, ವಿಡಿಯೋ ತಂದು ಸಿನಿಮಾ ನೋಡುವ ಕಾಲ ಅದು. ಸಿನಿಮಾದಲ್ಲಿ ಒಬ್ಬ ಇನ್ನೊಬ್ಬನಿಗೆ ಗುದ್ದಿದರೆ ಚಪಾತಿ ಹಿಟ್ಟು ತಟ್ಟಿದಷ್ಟೇ ಸದ್ದು ಬರುವುದು ಅವರಿಗೆ ಸ್ವಂತ ಅವಮಾನದಂತೆ ಕಾಣುತ್ತಿತ್ತು. ಹೀಗಾಗಿ ನಾನು ಐದು ತಿಂಗಳ ಬಸುರಿಯಾಗಿದ್ದಾಗ ನಾವಿಬ್ಬರೂ ಬಸ್ಸು ಹತ್ತಿ ಸಿರಾಕ್ಕೆ ಹೋದದ್ದು.

ಅಂಗಡಿಯ ರಶೀದಣ್ಣ ತಾನೇ ಮರ ಕೊಯ್ದು, ತಾನೇ ವೈರು ಎಳೆದು ಬಾಕ್ಸು ಮಾಡುತ್ತಿದ್ದ. ಮೊದಲು ತೋರಿಸಿದ್ದು ಕರೀ ಬಣ್ಣ ಬಳಿದ ಒಂದು ಮೊದ್ದು ಪೆಟ್ಟಿಗೆ, ಸೀಮೆಎಣ್ಣೆ ಡ್ರಮ್ಮಿನ ಒಡಹುಟ್ಟಿದವನ ಹಾಗಿತ್ತು. ನಮ್ಮವರು ಅದರ ದನಿಗೆ ಕಣ್ಣು ಮುಚ್ಚಿ ತಲೆದೂಗಿದರು. ಎರಡನೆಯದಕ್ಕೆ ಹಳದಿ ಸನ್‌ಮೈಕಾ, ಸುತ್ತ ಕೆಂಪು ಹಸಿರು ಬಲ್ಬು, ಥೇಟ್ ಪಂಜಾಬಿನ ಲಾರಿ. ಮೂರನೆಯದನ್ನು ಆತ ಬಟ್ಟೆ ಸರಿಸಿ ತೋರಿಸಿದ, ಮದುವಣಗಿತ್ತಿಯ ಸೆರಗು ಸರಿಸಿದ ಹಾಗೆ. ಬೀಟೆ ಮರದ ಬಣ್ಣ, ಎದುರಿಗೆ ಚಿನ್ನದೆಳೆಯ ಬಟ್ಟೆ, ನಾಲ್ಕು ಮೂಲೆಗೂ ಹಿತ್ತಾಳೆಯ ತಾವರೆ, ಕೆಳಗೆ ಕಡೆದ ನಾಲ್ಕು ಬಾಗಿದ ಕಾಲು. ನಾನು ಸೋತೆ. ನಮ್ಮವರು ಕರೀ ಪೆಟ್ಟಿಗೆಯ ಕಡೆ ಇನ್ನೂ ಆಸೆಯಿಂದ ನೋಡುತ್ತಿರುವುದನ್ನು ಕಂಡು ರಶೀದಣ್ಣ ನನ್ನ ಪರ ವಕಾಲತ್ತು ಹಿಡಿದ. "ಡಾಕ್ಟರ್ ಸಾಬ್, ಆವಾಜು ಆಫ್ ಮಾಡಿದ್ರೆ ನಿಲ್ತದೆ. ಸೂರತ್ತು, ಅಂದ್ರೆ ರೂಪ, ಇಪ್ಪತ್ನಾಕು ಗಂಟೆ ಎದುರ್ಗೆ ಕುಂತಿರ್ತದೆ. ಮೇಡಂ ಮಾತು ಕೇಳಿ." ಇಂಥ ತತ್ವವನ್ನು ನಾನು ಕಾಲೇಜಿನ ಮೂರು ವರ್ಷದಲ್ಲಿ ಕೇಳಿರಲಿಲ್ಲ. "ಕಾಲು ಯಾಕಣ್ಣ ಇದಕ್ಕೆ?" ಎಂದು ನಮ್ಮವರು ಅನುಮಾನದಿಂದ ಕೇಳಿದರೆ, "ಶಾನ್‌ಗೆ ಸಾಬ್, ಶೋಕಿಗೆ! ಕಾಲಿದ್ರೆ ನಿಮ್ಮನೆ ಗೋಡೆಗೆ ನೆಲಕ್ಕೆ ಏನೂ ಆಗಾಕಿಲ್ಲ" ಎಂದು ಅಷ್ಟೇ ಧೈರ್ಯವಾಗಿ ಹೇಳಿದ. ಆಗಲೇ ನಾನು ಆ ಮಾತು ಆಡಿದ್ದು.

ಬಸ್ಸಿನಲ್ಲಿ ಪೆಟ್ಟಿಗೆಗೆ ಕಿಟಕಿಯ ಸೀಟು ಸಿಕ್ಕಿತು, ಬಸುರಿಯಾದ ನನಗೆ ಗೇರ್ ಬಾಕ್ಸಿನ ಪಕ್ಕದ ಸೀಟು. ಹಿತ್ತಾಳೆ ತಾವರೆಗಳನ್ನು ಕಂಡ ಮುದುಕಿಯೊಬ್ಬಳು ಅದಕ್ಕೆ ಕೈಮುಗಿದು, "ಯಾವ ದ್ಯಾವ್ರು ಸ್ವಾಮಿ?" ಎಂದು ಕೇಳಿದಳು. ನಮ್ಮವರು ಭಕ್ತಿಯಿಂದಲೇ "ಬೇಸು" ಎಂದರು.

ಮನೆಗೆ ಬಂದ ಮೇಲೆ ಅವರು ಪೆಟ್ಟಿಗೆಯ ಹಿಂಬದಿ ಬಿಚ್ಚಿ ಒಳಗೆಲ್ಲ ಕುರಿಯ ಉಣ್ಣೆ ತುಂಬಿದರು. ಉಣ್ಣೆ ತುಂಬಿದರೆ ದನಿ ಗಂಭೀರವಾಗುತ್ತದೆ ಎಂದು ಎಲ್ಲೋ ಓದಿದ್ದರಂತೆ. ನಿಡುಗಲ್ಲಿನ ಕಡೆಯ ಕುರಿಗಾಹಿಯೊಬ್ಬ ತನ್ನ ಟಗರು ಬದುಕಿಸಿದ ಸಂತೋಷಕ್ಕೆ ಒಂದು ಮೂಟೆ ತಂದುಕೊಟ್ಟಿದ್ದ. ತೊಳೆಯದ ಉಣ್ಣೆ. ದನಿ ಗಂಭೀರವಾದದ್ದು ನಿಜ, ಆದರೆ ಅರ್ಧ ಗಂಟೆ ಹಾಡಿ ಒಳಗೆ ಬಿಸಿಯಾಯಿತೆಂದರೆ, ಸಿನಿಮಾದಲ್ಲಿ ಮದುವೆ ನಡೆಯುತ್ತಿರಲಿ, ಕೊಲೆ ನಡೆಯುತ್ತಿರಲಿ, ನಮ್ಮ ನಡುಮನೆಯಲ್ಲಿ ಕುರಿಹಟ್ಟಿಯ ವಾಸನೆ. ಬೇಸಿಗೆ ಬಂದಾಗ ಇನ್ನೊಂದು ತಾಪತ್ರಯ ಶುರುವಾಯಿತು. ಪಕ್ಕದ ಮನೆಯ ಗಂಗಮ್ಮ ಮಾಳಿಗೆಯ ಮೇಲೆ ಸಂಡಿಗೆ ಹಾಕಿದ್ದಳು. ನಮ್ಮ ಮನೆಯಲ್ಲಿ ಹೊಡೆದಾಟದ ಸೀನು ಬಂದದ್ದೇ ತಡ, ಆಕೆ ಗುಡುಗಿತೆಂದು ಬಿದ್ದೆದ್ದು ಓಡಿ ಅರೆ ಒಣಗಿದ ಸಂಡಿಗೆಯನ್ನೆಲ್ಲ ಬಾಚಿ ಸೆರಗಿಗೆ ತುಂಬಿಕೊಂಡಳು. ಆಮೇಲೆ ನೋಡಿದರೆ ತಲೆಯ ಮೇಲೆ ಸುಡುವ ಬಿಸಿಲು. ಮಾಳಿಗೆಯಿಂದಲೇ ಕೂಗಿದಳು: "ಏನಮ್ಮೋ ಮೇಡಮ್ಮ, ನಿಮ್ಮನೇಲಿ ಗುಡುಗು ಕಟ್ಟಾಕ್ಬುಟ್ಟಿದ್ದೀರಾ? ಹಂಗೇ ಒಂದೀಟು ಮಳೇನೂ ಸಾಕ್ಕಳಿ!"

ಮೇ ತಿಂಗಳಲ್ಲಿ ಮಗಳು ಹುಟ್ಟಿದಳು. ನನಗೆ ತವರಿನಲ್ಲಿ ಬಾಣಂತನ ಮಾಡುವವರಿರಲಿಲ್ಲವಾದ್ದರಿಂದ ಅತ್ತೆಯವರೇ ವೈ.ಎನ್. ಹೊಸಕೋಟೆಯಿಂದ ಒಂದು ಚೀಲ ಮಾವಿನಕಾಯಿ ಸಮೇತ ಬಂದಿಳಿದರು. ಅರ್ಧ ಕನ್ನಡ, ಅರ್ಧ ತೆಲುಗು ಆಡುವ, ಎರಡರಲ್ಲೂ ಸೋಲದ ಹೆಂಗಸು. ಒಂದು ಕೈಯಲ್ಲಿ ಮೊಮ್ಮಗಳಿಗೆ ನೀರು ಹಾಕಿ, ಇನ್ನೊಂದು ಕೈಯಲ್ಲಿ ವರ್ಷದ ಉಪ್ಪಿನಕಾಯಿ ಹಾಕಿದರು ಎಂದರೆ ಹೆಚ್ಚಲ್ಲ. ಮೊಣಕಾಲೆತ್ತರದ ಪಿಂಗಾಣಿ ಭರಣಿ. ಅದನ್ನು ನಡುಮನೆಯ ಗೋಡೆಯಿಂದ ಚಾಚಿದ್ದ ಕಲ್ಲಿನ ಚಪ್ಪಡಿಯ ಮೇಲೆ ಮಗನ ಕೈಲಿ ಎತ್ತಿಡಿಸಿ, ಬಾಯಿಗೆ ಬಟ್ಟೆ ಬಿಗಿದು, ಶಾಸನ ಹೊರಡಿಸಿದರು: "ನೆನೆಯೋವರ್ಗೂ ಇದನ್ನ ಯಾರೂ ಕದಲಿಸ್ಬಾರ್ದು. ಕದಲಿದ್ರೆ ಕೆಟ್ಟೋಯ್ತದೆ." ತೊಟ್ಟಿಲಿನ ಕೊಂಡಿ ಇದ್ದದ್ದು ಅದೇ ಚಪ್ಪಡಿಯ ಅಂಚಿನ ಕೆಳಗಿನ ತೊಲೆಯಲ್ಲಿ, ಮನೆ ಕಟ್ಟಿದವರು ಅಲ್ಲೇ ಹಾಕಿದ್ದರು. ಬೇಸ್ ಬಾಕ್ಸು ನಿಂತದ್ದೂ ಅದೇ ಗೋಡೆಗೆ ಒರಗಿ, ಯಾಕೆಂದರೆ ಬೀದಿಬಾಗಿಲಿನಿಂದ ಕಾಣುವುದು ಅದೊಂದೇ ಗೋಡೆ. ಅಷ್ಟು ಚೆಂದದ ಪೆಟ್ಟಿಗೆಯನ್ನು ಯಾರಿಗೂ ಕಾಣದ ಮೂಲೆಯಲ್ಲಿಡಲು ನನ್ನ ಮನಸ್ಸು ಒಪ್ಪಿರಲಿಲ್ಲ. ಹೀಗೆ ಮೇಲೆ ಭರಣಿ, ಕೆಳಗೆ ಮಗು, ಪಕ್ಕದಲ್ಲಿ ಬೇಸು. ಮೂರಕ್ಕೂ ಒಳ್ಳೆಯ ಕಾರಣಗಳಿದ್ದವು.

ಎರಡನೆಯ ವಾರಕ್ಕೆ ಅತ್ತೆಯವರು ಸ್ಟೂಲು ಹತ್ತಿ ನೋಡಿ, ಇಳಿದು, ನನ್ನನ್ನು ತಲೆಯಿಂದ ಕಾಲಿನವರೆಗೆ ಅಳೆದರು. "ಭರಣಿ ನಾನಿಟ್ಟಿದ್ ಜಾಗ್ದಾಗಿಲ್ಲ ಕಣಮ್ಮ. ನಾಕು ಕೈಬೆಟ್ಟಷ್ಟು ಮುಂದುಕ್ ಬಂದೈತೆ." ನಾನು ಮುಟ್ಟಿಲ್ಲ ಎಂದೆ. "ಬಾಣಂತಿ ನಾಲ್ಗೆ ಹೆಂಗಿರ್ತದೆ ಅಂತ ನಂಗೊತ್ತಿಲ್ವಾ? ನಾಲ್ಕು ಹೆತ್ತಿವ್ನಿ. ಆದ್ರೆ ಹುಳಿ ತಿಂದ್ರೆ ಮಗೂಗೆ ಹೊಟ್ಟೆ ಕಟ್ಕಂತದೆ, ತೆಲುಸಾ?" ಎಂದು ಮತ್ತೆ ಸ್ಟೂಲು ಹತ್ತಿ ತಾವೇ ಭರಣಿಯನ್ನು ಹಿಂದಕ್ಕೆ ದೂಡಿದರು. ಅವರು ದೂಡಿದರೆ ಅದು ಕದಲಿಸಿದ ಲೆಕ್ಕವಲ್ಲ. ಮುಂದಿನ ಸೋಮವಾರ ಭರಣಿ ಮತ್ತೆ ಮುಂದೆ. ಮೆಣಸಿನ ಸಾರು, ಬೆಳ್ಳುಳ್ಳಿ ಮತ್ತು ಅನ್ನದಲ್ಲಿ ದಿನ ದೂಡುತ್ತಿದ್ದ ನಾನು ಕನಸಿನಲ್ಲಿ ಉಪ್ಪಿನಕಾಯಿ ತಿಂದದ್ದುಂಟು, ಒಪ್ಪಿಕೊಳ್ಳುತ್ತೇನೆ. ಎಚ್ಚರದಲ್ಲಿ ಇಲ್ಲ. ಆದರೆ ನನ್ನ ಮಾತು ನಂಬುವವರು ಆ ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಗಂಗಮ್ಮ ಕೂಡ ಹಾಲು ಕೊಡಲು ಬಂದವಳು, "ತಿಂದಿದ್ರೆ ತಿಂದೆ ಅಂದ್ಬುಡಿ ಮೇಡಮ್ಮ, ಅತ್ತೇರು ಮನ್ನಿಸ್ತಾರೆ" ಎಂದು ಸಮಾಧಾನ ಹೇಳಿಹೋದಳು. ನಮ್ಮವರಂತೂ ಗುಟ್ಟಾಗಿ, "ಹೋಗ್ಲಿ ಬಿಡೇ, ಎಷ್ಟು ಹೋಳು?" ಎಂದರು. ಶಬ್ದವೆಂದರೆ ಕಂಪನ, ಡೋಲಿನ ಮೇಲೆ ಮರಳು ಚೆಲ್ಲಿ ಬಾರಿಸಿದರೆ ಮರಳು ಕುಣಿಯುತ್ತದೆ ಎಂದು ಎಂಟನೇ ಕ್ಲಾಸಿಗೆ ಪ್ರತಿವರ್ಷ ಮಾಡಿ ತೋರಿಸುತ್ತಿದ್ದವಳು ನಾನೇ. ಭಾನುವಾರ ಸಿನಿಮಾ, ಸೋಮವಾರ ಭರಣಿ ಮುಂದೆ ಎಂಬ ಎರಡು ಸಂಗತಿಗಳನ್ನು ಕೂಡಿಸುವ ಬುದ್ಧಿ ಮಾತ್ರ ನನಗೆ ಬರಲಿಲ್ಲ.

ಜೂನ್ ಕೊನೆಯ ಒಂದು ಭಾನುವಾರ ಸಂಜೆ. ಸಿನಿಮಾ ಕೊನೆಯ ಹೊಡೆದಾಟಕ್ಕೆ ಬಂದಿತ್ತು. ಅತ್ತೆಯವರು ಚಾಪೆಯ ಮೇಲೆ ಮುಂದಕ್ಕೆ ಬಾಗಿ, "ಕೊಟ್ಟು ರಾ ನಾಯನಾ, ಇನ್ನೊಂದು ಗುದ್ದು ಕೊಡು!" ಎಂದು ನಾಯಕನಿಗೆ ಹುಮ್ಮಸ್ಸು ತುಂಬುತ್ತಿದ್ದರು. ನಮ್ಮವರು ದನಿಯ ಗುಂಡಿ ತಿರುಗಿಸುತ್ತ, "ಬೇಸ್ ಹೆಂಗೈತಮ್ಮ, ಹೊಟ್ಟೆಗೇ ಬಡಿತೈತಾ?" ಎಂದು ಕೇಳುತ್ತಿದ್ದರು. ತಲೆಗೆ ಬಟ್ಟೆ ಕಟ್ಟಿ, ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಕೂತಿದ್ದ ನನಗೆ ಮಾತು ಸರಿಯಾಗಿ ಕೇಳದೆ ಸಿನಿಮಾದಲ್ಲಿ ಆಸಕ್ತಿ ಹೋಗಿತ್ತು. ಹಾಗಾಗಿ ಮೇಲೆ ನೋಡಿದೆ.

ಭರಣಿ ನಡೆಯುತ್ತಿತ್ತು. ಜಾರುತ್ತಿರಲಿಲ್ಲ, ಉರುಳುತ್ತಿರಲಿಲ್ಲ. ಗರ್ಭಗುಡಿಯಿಂದ ಉತ್ಸವಮೂರ್ತಿ ಹೊರಟ ಹಾಗೆ, ಒಂದು ಗುದ್ದಿಗೆ ಒಂದಿಷ್ಟು, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಕೊಂಡು, ಯಾವ ಆತುರವೂ ಇಲ್ಲದೆ ಅಂಚಿನ ಕಡೆಗೆ ಬರುತ್ತಿತ್ತು. ಅದರ ಅರ್ಧ ತಳ ಆಗಲೇ ಗಾಳಿಯಲ್ಲಿತ್ತು. ಅದರ ನೇರ ಕೆಳಗೆ ತೊಟ್ಟಿಲು. "ಭರಣಿ! ಭರಣಿ!" ಎಂದು ಕಿರುಚಿದೆ. ಅತ್ತೆಯವರು ಟಿವಿಯಿಂದ ಮುಖ ತಿರುಗಿಸದೆಯೇ, "ಮೂರು ತಿಂಗ್ಳು ಆ ಹೆಸ್ರು ಎತ್ಬ್ಯಾಡ ಅಂದಿಲ್ವಾ?" ಎಂದರು. ನಮ್ಮವರು, "ಸೀನ್ ಮುಗೀಲಿ ತಡ್ಕಳೇ" ಎಂದರು. ನಾನು ಎದ್ದದ್ದು, ಓಡಿದ್ದು ಒಂದೂ ನೆನಪಿಲ್ಲ. ಮಗುವನ್ನು ಎತ್ತಿಕೊಳ್ಳಲು ಸಮಯವಿರಲಿಲ್ಲ. ಎರಡೂ ಕೈಯಿಂದ ತೊಟ್ಟಿಲನ್ನು ಜೋರಾಗಿ ನೂಕಿದೆ. ತೊಟ್ಟಿಲು ಆ ಕಡೆ ಹೋಯಿತು. ಅದು ಇದ್ದ ಜಾಗದಲ್ಲಿ ಭರಣಿ ಬಂದು ನೆಲಕ್ಕಪ್ಪಳಿಸಿತು. ತೊಟ್ಟಿಲು ವಾಪಸು ಬಂದು, ಒಡೆದ ಪಿಂಗಾಣಿಯ ಮೇಲೆ, ಕೆಂಪು ಎಣ್ಣೆಯ ಮೇಲೆ, ವರ್ಷದ ಉಪ್ಪಿನಕಾಯಿಯ ಮೇಲೆ ಮೆಲ್ಲಗೆ ತೂಗತೊಡಗಿತು. ಇವತ್ತಿಗೂ ಪಾತ್ರೆ ತೊಳೆಯುವಾಗಲೋ ಬಸ್ಸಿಗೆ ಕಾಯುವಾಗಲೋ ಆ ತೊಟ್ಟಿಲು ನನ್ನ ಕಣ್ಣೆದುರು ಒಮ್ಮೆ ಆ ಕಡೆ ಹೋಗುತ್ತದೆ. ಅದು ವಾಪಸು ಬರುವವರೆಗೆ ನನಗೆ ಉಸಿರಿಲ್ಲ.

ವಿಚಿತ್ರವೆಂದರೆ ಮಗು ಇಷ್ಟಕ್ಕೂ ಎಚ್ಚರಗೊಳ್ಳಲಿಲ್ಲ. ನಮ್ಮವರು ಬೇಸ್ ಆಫ್ ಮಾಡಿದರು ನೋಡಿ, ಆಗ ಎದ್ದು ಊರು ಒಂದಾಗುವ ಹಾಗೆ ಅತ್ತಳು. ಅತ್ತೆಯವರು ಅವಳನ್ನು ಎದೆಗವಚಿಕೊಂಡು ಚಪ್ಪಡಿಯನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಗಂಗಮ್ಮನ ಮನೆಗೆ ಹೋಗಿ, ಊರಿಂದ ಬರುವಾಗ ತಾವೇ ಅವಳಿಗೆ ತಂದುಕೊಟ್ಟಿದ್ದ ಹೋದ ವರ್ಷದ ಉಪ್ಪಿನಕಾಯಿಯಿಂದ ಒಂದು ಹೋಳು ವಾಪಸು ಕೇಳಿ ತಂದು ನನ್ನ ತಟ್ಟೆಗೆ ಹಾಕಿದರು. "ತಿನ್ನು ತಾಯಿ. ಮಗೂಗೆ ಏನಾತದೋ ಆಗ್ಲಿ, ನಾನ್ ನೋಡ್ಕಂತೀನಿ." ಬೀದಿಯವರು ಕೇಳಿದಾಗ ಬಾಯಿ ತುಂಬ ಹೇಳಿದರು: "ನಮ್ ಸೊಸೆ ಒಂದ್ ಹೋಳೂ ಮುಟ್ಟಿರ್ಲಿಲ್ಲ ಕಣಮ್ಮ. ಎಲ್ಲಾ ಆ ಸಿನಿಮಾ ರೌಡಿಗಳ ಕೆಲ್ಸ."

ಬೇಸ್ ಬಾಕ್ಸಿನ ಚಿನ್ನದ ಮುಖಕ್ಕೆ ಖಾರದೆಣ್ಣೆ ಸಿಡಿದು, ಅದು ರೂಪ ಕಳೆದುಕೊಂಡಿತ್ತು. ಅದನ್ನು ಹಿತ್ತಿಲಿಗೆ ಸಾಗಿಸಿ ನಾವು ನೆಮ್ಮದಿಯಿಂದ ಮಲಗಲು ಹೋದೆವು. ಮಲಗಲು ಹೋದೆವು, ಅಷ್ಟೇ. ಹೊಟ್ಟೆಯಲ್ಲಿದ್ದಾಗಿನಿಂದ, ದಿನಾ ರಾತ್ರಿ ಟೇಪಿನ ಹಾಡಿನಲ್ಲಿ ಮೆಲ್ಲಗೆ, ಭಾನುವಾರ ಜೋರಾಗಿ, ಆ ಗುಮ್ಮನ ದನಿ ಕೇಳಿ ಬೆಳೆದ ಮಗಳಿಗೆ ಮೌನ ಎಂದರೆ ಭಯ. ಅತ್ತೆಯವರು ಕನ್ನಡದಲ್ಲಿ ಜೋಗುಳ ಹಾಡಿದರು, ತೆಲುಗಿನಲ್ಲಿ ಹಾಡಿದರು, ದೃಷ್ಟಿ ತೆಗೆದರು. ನಮ್ಮವರು ಕುರಿಮರಿಗೆ ಮಾಡುವ ಉಪಚಾರವನ್ನೆಲ್ಲ ಮಾಡಿದರು. ವಾರಗಟ್ಟಲೆ ನಾಲ್ವರಿಗೂ ನಿದ್ದೆಯಿಲ್ಲ. ನಮ್ಮವರು ಎಮ್ಮೆಗೆ ಹಾಕಬೇಕಾದ ಸೂಜಿಯನ್ನು ಅದರ ಯಜಮಾನನ ಕಡೆಗೆ ಹಿಡಿದರೆಂಬ ಸುದ್ದಿಯೂ ಬಂತು. ಕೊನೆಗೆ ಅತ್ತೆಯವರೇ ಸೋತು, "ಲೇ, ಹಚ್ಚೋ ಆ ಗುಮ್ಮನ್ನ. ಆದ್ರೆ ಗೋಡೆ ತಾವ ಇಟ್ಟಿಯಾ, ಕೈ ಮುರೀತೀನಿ" ಎಂದರು.

ನಮ್ಮವರು ಪೆಟ್ಟಿಗೆಯಿಂದ ಸ್ಪೀಕರನ್ನು ಬಿಚ್ಚಿ, ರಾಗಿ ತುಂಬುತ್ತಿದ್ದ ಒಂದು ಖಾಲಿ ಮಣ್ಣಿನ ಗುಡಾಣದ ಬಾಯಿಗೆ ಕೂರಿಸಿದರು. ಅದನ್ನು ನಡುಮನೆಯ ನಟ್ಟನಡುವೆ, ನಾಲ್ಕು ಮಡಿಕೆಯ ಕಂಬಳಿಯ ಮೇಲೆ ಇಟ್ಟು, ದನಿಯನ್ನು ತೀರ ತಗ್ಗಿಸಿ ಹಚ್ಚಿದರು. ಮಗು ಒಮ್ಮೆ ಬಿಕ್ಕಿ, ಕಣ್ಣು ಮುಚ್ಚಿತು. ಗಂಗಮ್ಮ ಇಣುಕಿ, "ನಡುಮನೇಲಿ ಮಡಕೆ ಇಟ್ಟಿದ್ದೀರಲ್ಲ, ಏನಾರ ಶಾಸ್ತ್ರವಾ?" ಎಂದಳು. ರೂಪದ ಮೋಹ ನನಗೆ ಪೂರ್ತಿ ಬಿಟ್ಟಿರಲಿಲ್ಲವೆಂದು ಕಾಣುತ್ತದೆ. ಹಳೆಯ ಪೆಟ್ಟಿಗೆಯಿಂದ ಒಂದು ಹಿತ್ತಾಳೆ ತಾವರೆ ಕಿತ್ತು ತಂದು ಗುಡಾಣದ ಹೊಟ್ಟೆಗೆ ಅಂಟಿಸಿದೆ.

ಅದು ಭೀಮನ ಅಮಾವಾಸ್ಯೆಯ ದಿನ. ಆ ರಾತ್ರಿ ಮನೆಮಂದಿಯೆಲ್ಲ ಬೆಳಗಿನವರೆಗೆ ಒಂದೇ ನಿದ್ದೆ ತೆಗೆದರಂತೆ. ಹಾಲು ತಂದ ಗಂಗಮ್ಮ ಬಾಗಿಲು ಬಡಿದಾಗಲೇ ಅವರಿಗೆ ಎಚ್ಚರ. ಅತ್ತೆಯವರು ಕಾಫಿ ಲೋಟ ಹಿಡಿದು ನನ್ನ ಮುಖ ನೋಡಿ, "ಎಲ್ರೂ ಮಲಗಿದ್ವಲ್ಲಮ್ಮ, ನಿನ್ ಕಣ್ ಯಾಕೆ ಹಿಂಗೆ ಕೆಂಪಗಾಗವೆ?" ಎಂದು ಕೇಳಿದರು. ನಾನು ಚಪ್ಪಡಿಯ ಕಡೆ ನೋಡಿದೆ. ಆ ಚಪ್ಪಡಿಯ ಮೇಲೆ ಈಗ ಒಂದು ಚಮಚವೂ ಇರಲಿಲ್ಲ, ಭರಣಿ ಕೂತಿದ್ದ ಕಡೆ ಎಣ್ಣೆಯ ಒಂದು ಉಂಗುರ ಮಾತ್ರ ಉಳಿದಿತ್ತು. ಬಿ.ಎಸ್ಸಿ. ಓದಿದ ನಾನು ಬೆಳಗಿನವರೆಗೂ ಅದನ್ನೇ ಕಾಯುತ್ತಿದ್ದೆ. ಗುಡಾಣ ಗುಂ ಎಂದಾಗಲೆಲ್ಲ, ಆ ಉಂಗುರ ಅಂಚಿನ ಕಡೆಗೆ ಒಂದಿಷ್ಟು ಸರಿದ ಹಾಗೆ ಕಾಣುತ್ತಿತ್ತು.